ನಾಲ್ಕನೇ ಆರೋಪಿ ಗಣಿತ ಹೇಳಿಕೊಡಬಹುದೇ?

ನನ್ನ ಮೇಲೆ ಒಂದು ಕ್ರಿಮಿನಲ್ ಪ್ರಕರಣ ದಾಖಲಾಗಿತ್ತು. ನ್ಯಾಯಾಲಯದಲ್ಲಿ ಅದು ತೀರ್ಮಾನವಾಗಿ ಶಿಕ್ಷೆಯೂ ಆಯಿತು. ಶಿಕ್ಷೆ ಎಂದರೆ ₹300 ದಂಡ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 87ನೇ ಕಲಂ, ಸಾರ್ವಜನಿಕ ಸ್ಥಳದಲ್ಲಿ ಜೂಜು. 2014ರ ದೀಪಾವಳಿಗೆ ತುಮಕೂರು ಜಿಲ್ಲೆಯ ನಮ್ಮ ಹಳ್ಳಿಗೆ ಹೋದಾಗ ಅರಳಿಕಟ್ಟೆಯ ಮೇಲೆ ಅಂದರ್ ಬಾಹರ್ ಆಡುತ್ತಿದ್ದವರಲ್ಲಿ ನಾನೂ ಒಬ್ಬ. ಹಬ್ಬಕ್ಕೆ ಬಂದವರು ಕಟ್ಟೆಯ ಮೇಲೆ ಎಲೆ ಹಾಕುವುದು ನಮ್ಮ ಕಡೆ ಹೊಸದಲ್ಲ. ಜೀಪು ಬಂದಾಗ ಬರಿಗಾಲಿನಲ್ಲಿ ಓಡಿದವರು ಪಾರಾದರು, ಚಪ್ಪಲಿ ಹುಡುಕುತ್ತಿದ್ದವರು ಸಿಕ್ಕಿಬಿದ್ದೆವು. ಪಂಚನಾಮೆಯಲ್ಲಿ 52 ಇಸ್ಪೀಟ್ ಎಲೆಗಳು, ಪಣಕ್ಕಿಟ್ಟ ಹಣ ಮತ್ತು ನೆಲಕ್ಕೆ ಹಾಸಿದ್ದ ಒಂದು ಹಳೆಯ ದಿನಪತ್ರಿಕೆ ಸೇರಿಕೊಂಡವು. ನಾನು ನಾಲ್ಕನೇ ಆರೋಪಿ.

ಮರುವರ್ಷ ಸಮನ್ಸ್ ಬಂತು. ಊರಿನ ವಕೀಲರು, ದೂರದ ಸಂಬಂಧಿಯೂ ಹೌದು, ಒಂದೇ ಮಾತಿನಲ್ಲಿ ಮುಗಿಸಿದರು: "ಒಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನದ ಬಸ್ಸು ಹಿಡಿಯಪ್ಪ. ನಡೆಸುತ್ತೇನೆಂದರೆ ವರ್ಷಗಟ್ಟಲೆ ರಜೆ ಹಾಕಿಕೊಂಡು ಓಡಾಡಬೇಕು." ಮ್ಯಾಜಿಸ್ಟ್ರೇಟರು ಆರೋಪ ಓದಿ ಹೇಳಿದರು, ನಾವು ಸಾಲಾಗಿ ಒಪ್ಪಿಕೊಂಡೆವು, ರಸೀದಿ ಕೈಗೆ ಬಂತು. ಹಾಗೆ ಒಪ್ಪಿಕೊಂಡದ್ದಕ್ಕೆ ಕಾನೂನಿನಲ್ಲಿ ಅಪರಾಧ ನಿರ್ಣಯ ಎಂಬ ಹೆಸರಿದೆ, ಅದಕ್ಕೆ ಕೊನೆಯ ದಿನಾಂಕ ಇರುವುದಿಲ್ಲ ಎಂಬುದನ್ನು ಅಂದು ಯಾರೂ ಹೇಳಲಿಲ್ಲ. ಕೇಳುವ ಅಗತ್ಯ ನನಗೂ ಕಂಡಿರಲಿಲ್ಲ.

ನಾನು ಮೈಸೂರಿನಲ್ಲಿ ಮುದ್ರಣಾಲಯವೊಂದರ ಲೆಕ್ಕಪತ್ರ ನೋಡಿಕೊಳ್ಳುವವನು. ಕೋವಿಡ್ ಕಳೆದು ಶಾಲೆಗಳು ತೆರೆದ ಮೇಲೆ, ಪಕ್ಕದ ಬೀದಿಯ ಎಂಟನೇ ತರಗತಿಯ ಹುಡುಗನೊಬ್ಬ ಭಾಗಾಕಾರವನ್ನೇ ಮರೆತು ಕೂತಿದ್ದನ್ನು ಕಂಡು ಸಂಜೆ ಹೇಳಿಕೊಡಲು ಶುರು ಮಾಡಿದೆ. ಅವನ ಹಿಂದೆ ಇಬ್ಬರು ಬಂದರು. ಮನೆಯ ಜಗಲಿ ಸಾಲದಾದಾಗ, ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಸಂಜೆ ಕಲಿಕಾ ಕೇಂದ್ರ ನಡೆಸುತ್ತಿದ್ದ ಒಂದು ಸಂಸ್ಥೆಯ ಬಾಗಿಲಿಗೆ ಹೋದೆ. "ಗಣಿತಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ" ಎಂದು ಗೇಟಿಗೇ ಬರೆದು ಹಾಕಿದ್ದರು.

ಅರ್ಜಿಯ ಕೊನೆಯ ಪುಟದಲ್ಲಿ ಘೋಷಣೆ ಇತ್ತು: ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿದೆಯೇ, ಶಿಕ್ಷೆ ಆಗಿದೆಯೇ? ಹೌದು ಅಥವಾ ಇಲ್ಲ. ವಿವರ ಬರೆಯಲು ಜಾಗವಿರಲಿಲ್ಲ. ನಾನು ಹೌದು ಎಂದು ಗುರುತು ಹಾಕಿದೆ. ಇದರಲ್ಲಿ ಸತ್ಯಹರಿಶ್ಚಂದ್ರನ ವಂಶದವನೆಂಬ ಹೆಮ್ಮೆಯೇನಿಲ್ಲ. ಇಂದು ಠಾಣೆಗಳ ದಾಖಲೆ ಸಿಸಿಟಿಎನ್‌ಎಸ್ ಎಂಬ ಜಾಲದಲ್ಲಿದೆ, ನ್ಯಾಯಾಲಯದ ಪ್ರಕರಣಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಕೊಟ್ಟು ಯಾರು ಬೇಕಾದರೂ ಹುಡುಕಬಹುದು. ಅರ್ಜಿಗೆ ಮುಂಚೆ ನಾನೇ ಹುಡುಕಿ ನೋಡಿದ್ದೆ. ನಮ್ಮ ಆರೂ ಜನರ ಹೆಸರು, ತಂದೆಯ ಹೆಸರು, ಊರು ಸಮೇತ, ಅಲ್ಲಿ ತಣ್ಣಗೆ ಕೂತಿದ್ದವು.

ಅರ್ಜಿ ತೆಗೆದುಕೊಂಡ ಹುಡುಗಿ ಕೊನೆಯ ಪುಟ ನೋಡಿ, "ಸಾರ್, ಇಲ್ಲಿ ಕೈತಪ್ಪಿ ಹೌದು ಎಂದು ಹಾಕಿದ್ದೀರಿ" ಎಂದು ಬಿಳಿ ಬಣ್ಣದ ಬಾಟಲಿ ಕೊಡಲು ಬಂದಳು. ಕೈತಪ್ಪಿಲ್ಲ ಎಂದೆ. ಅವಳ ಮುಖ ನೋಡಿ ನನಗೇ ಪಾಪ ಎನ್ನಿಸಿತು. ವಿವರವನ್ನೆಲ್ಲ ಬಾಯಿಯಲ್ಲಿ ಹೇಳಿದೆ, ಅವಳು ತಲೆಯಾಡಿಸಿ ಮುಖ್ಯ ಕಚೇರಿಗೆ ಕಳಿಸುವುದಾಗಿ ಹೇಳಿದಳು. ಬಹಳ ದಿನ ಕಾದ ಮೇಲೆ, ಸದ್ಯಕ್ಕೆ ಅವಕಾಶವಿಲ್ಲವೆಂಬ ವಿನಯದ ಮಿಂಚಂಚೆ ಬಂತು. ಗೇಟಿನ ಮೇಲಿನ ಬರಹ ಹಾಗೆಯೇ ಇತ್ತು. ನನ್ನ ಹೆಂಡತಿ, "ಇಲ್ಲ ಎಂದು ಬರೆದಿದ್ದರೆ ಯಾರಿಗೆ ತಿಳಿಯುತ್ತಿತ್ತು?" ಎಂದಳು. ಆಗ ನನ್ನ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದರು. 2021ರಲ್ಲಿ ಸರ್ಕಾರ ಜೂಜಿನ ಕಲಂಗಳಿಗೆ ತಿದ್ದುಪಡಿ ತಂದು ಆನ್‌ಲೈನ್ ಆಟಗಳನ್ನೂ ಸೇರಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಭಾಗವನ್ನು ರದ್ದುಪಡಿಸಿತ್ತು. ಅವರ ದಾಖಲೆ ಶುಭ್ರ. ಅವರಿಗೆ ಮಕ್ಕಳೆಂದರೆ ಆಗುವುದಿಲ್ಲ ಎಂಬುದು ಬೇರೆ ವಿಷಯ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸ್ಪಷ್ಟಪಡಿಸಬೇಕು. ಮಕ್ಕಳ ಬಳಿ ಬರುವವರ ಹಿನ್ನೆಲೆಯನ್ನು ಯಾಕೆ ಕೆದಕುತ್ತಾರೆ ಎಂಬ ತಕರಾರು ನನ್ನದಲ್ಲ. 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪೋಕ್ಸೊ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳಂತಹ, ಮಕ್ಕಳೊಡನೆ ನಿತ್ಯದ ಒಡನಾಟವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ಸ್ವಯಂಸೇವಕರು ಎಂಬ ಪದ ಆ ಸಾಲಿನಲ್ಲಿಲ್ಲ, ಆದರೆ ಜವಾಬ್ದಾರಿಯುಳ್ಳ ಸಂಸ್ಥೆಗಳು ಅವರನ್ನೂ ಸೇರಿಸಿಕೊಳ್ಳುತ್ತವೆ, ಸೇರಿಸಿಕೊಳ್ಳಬೇಕು. ಸಂಬಳ ಪಡೆಯದವನು ಮಕ್ಕಳಿಗೆ ಅಪಾಯ ಮಾಡಲಾರ ಎನ್ನಲಾದೀತೇ? ನನ್ನ ತಕರಾರು ಆ ಅರ್ಜಿಯ ಎರಡು ಚೌಕಗಳ ಬಗ್ಗೆ. ಮಗುವಿನ ಮೇಲೆ ಕೈ ಮಾಡಿದವನೂ ಕಟ್ಟೆಯ ಮೇಲೆ ಎಲೆ ಹಾಕಿದವನೂ ಗುರುತು ಹಾಕಬೇಕಾದದ್ದು ಒಂದೇ ಚೌಕದಲ್ಲಿ.

ಪರಿಚಯದ ವಕೀಲೆಯೊಬ್ಬರನ್ನು ಕಂಡೆ. ಈ ಕಲೆ ಎಂದು ಹೋಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. "ನೀವು ಹದಿನೆಂಟು ತುಂಬದವರಾಗಿದ್ದರೆ ಹೋಗುತ್ತಿತ್ತು" ಎಂದು ನಕ್ಕರು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ಬಾಲಕನಾಗಿದ್ದಾಗ ನಡೆದದ್ದು ಮುಂದೆ ಅನರ್ಹತೆ ಆಗುವಂತಿಲ್ಲ. ತೀರ ಘೋರ ಪ್ರಕರಣಗಳನ್ನು ಬಿಟ್ಟರೆ, ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶಪಡಿಸಬೇಕು. ದೊಡ್ಡವರಿಗೆ ನಮ್ಮ ದೇಶದಲ್ಲಿ ಇಂತಿಷ್ಟು ವರ್ಷ ಕಳೆದರೆ ಸಣ್ಣ ಶಿಕ್ಷೆ ಲೆಕ್ಕಕ್ಕಿಲ್ಲ ಎನ್ನುವ ಸಾಮಾನ್ಯ ಕಾನೂನಿಲ್ಲ.

ಅವರು ಹೇಳಿದ ಇನ್ನೆರಡು ಸಂಗತಿಗಳು ಹೊಟ್ಟೆ ಉರಿಸಿದವು. ಒಂದು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಹಿಂದೆ ಶಿಕ್ಷೆಯಾಗಿರದವನು ಎರಡು ವರ್ಷ ಮೀರದ ಶಿಕ್ಷೆಯ ಅಪರಾಧ ಮಾಡಿದ್ದರೆ, ಬುದ್ಧಿ ಹೇಳಿ ಬಿಟ್ಟುಬಿಡುವ ಅಧಿಕಾರ ಅದರ 3ನೇ ಕಲಂನಲ್ಲಿ ನ್ಯಾಯಾಲಯಕ್ಕಿದೆ. ಹಾಗೆ ಬಿಟ್ಟವರಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ನಮ್ಮ ಪ್ರಕರಣಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು, ಕೇಳಿದವರಿಲ್ಲ. ಎರಡನೆಯದು, ಆ ಕಾಲದಲ್ಲಿ 87ನೇ ಕಲಂ ಅಸಂಜ್ಞೇಯ ಅಪರಾಧವಾಗಿತ್ತು. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿರಲಿಲ್ಲ. ಈ ಕಾರಣಕ್ಕೇ ಇಂತಹ ಎಷ್ಟೋ ಪ್ರಕರಣಗಳನ್ನು ಹೈಕೋರ್ಟ್ ರದ್ದುಪಡಿಸಿದೆ. ಹೈಕೋರ್ಟಿನ ತನಕ ಹೋಗುವ ಜೇಬು ಇದ್ದವರು ನಿರ್ದೋಷಿಗಳು, ಮಧ್ಯಾಹ್ನದ ಬಸ್ಸು ಹಿಡಿಯಲು ಹೋದವರು ಶಿಕ್ಷಿತರು. ಈಗ ಮೇಲ್ಮನವಿ ಹಾಕಬಹುದೇ ಎಂದರೆ, ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣವನ್ನೋ ಕಾನೂನುಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು. ಅದಕ್ಕೂ ಅವಧಿ ಎಂದೋ ಮೀರಿತ್ತು.

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಅಲ್ಲಿ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅವಳಿಗೂ ಇಂತಹ ಪರಿಶೀಲನೆ ಆಗಿದೆ, ಡಿಬಿಎಸ್ ಎನ್ನುತ್ತಾರೆ. ಸ್ವಯಂಸೇವಕರಿಗೆ ಶುಲ್ಕವಿಲ್ಲ, ಪ್ರಮಾಣಪತ್ರ ನೇರ ಅರ್ಜಿದಾರರ ಮನೆಗೇ ಬರುತ್ತದೆ. ಗಂಭೀರ ಅಪರಾಧಗಳ ಪಟ್ಟಿಯೊಂದನ್ನು ಅವರು ಮಾಡಿಟ್ಟುಕೊಂಡಿದ್ದಾರೆ. ಆ ಪಟ್ಟಿಯಲ್ಲಿಲ್ಲದ, ಜೈಲು ಶಿಕ್ಷೆಯಾಗದ ಪ್ರಕರಣ ದೊಡ್ಡವರದಾದರೆ 11 ವರ್ಷಗಳ ನಂತರ ಪ್ರಮಾಣಪತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹದಿನೆಂಟರೊಳಗಿನವರದಾದರೆ ಐದೂವರೆ ವರ್ಷ. ಪಟ್ಟಿಯಲ್ಲಿರುವುದು ಎಷ್ಟು ವರ್ಷವಾದರೂ ಕಾಣುತ್ತದೆ. ಅಲ್ಲೂ ಈ ನಿಯಮ ಸುಲಭವಾಗಿ ಬಂದದ್ದಲ್ಲ. ಒಂದಕ್ಕಿಂತ ಹೆಚ್ಚು ಶಿಕ್ಷೆಯಿದ್ದರೆ ಎಲ್ಲವನ್ನೂ ತೋರಿಸುವ ಪದ್ಧತಿಯನ್ನು ಅವರ ಸುಪ್ರೀಂ ಕೋರ್ಟ್ 2019ರಲ್ಲಿ ತಪ್ಪೆಂದ ಮೇಲೆ, 2020ರ ನವೆಂಬರ್‌ನಲ್ಲಿ ಬದಲಾಯಿಸಿದರು. ನಾನು ಅಲ್ಲಿರುತ್ತಿದ್ದರೂ ಆ ಹೊತ್ತಿಗೆ 11 ವರ್ಷ ತುಂಬಿರಲಿಲ್ಲವಾದ್ದರಿಂದ ನನ್ನ ₹300 ಅಲ್ಲಿಯೂ ಕಾಣುತ್ತಿತ್ತು. ಆದರೆ ಅದು ಕಾಣದಾಗುವ ಒಂದು ದಿನ ಗೊತ್ತಿರುತ್ತಿತ್ತು.

ವಕೀಲೆ ಕೊಟ್ಟ ಸಲಹೆ ಸರಳವಾಗಿತ್ತು: ಕಲೆ ಹೋಗುವುದಿಲ್ಲ, ಅದರ ಅಳತೆ ತೋರಿಸುವ ಕಾಗದ ಇಟ್ಟುಕೊಳ್ಳಿ. ಅಂದರೆ ತೀರ್ಪಿನ ದೃಢೀಕೃತ ನಕಲು. ಹಳೆಯ ಸಣ್ಣ ಪ್ರಕರಣಗಳ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಪಡಿಸುವ ಪದ್ಧತಿಯಿದೆ, ತಡ ಮಾಡಬೇಡಿ ಎಂದೂ ಎಚ್ಚರಿಸಿದರು.

ತಾಲ್ಲೂಕು ನ್ಯಾಯಾಲಯದ ನಕಲು ಶಾಖೆ ಎಂದರೆ ಒಂದು ಕಿಟಕಿ, ಒಂದು ರಿಜಿಸ್ಟರು, ಹಿಂದೆ ಕೆಂಪು ದಾರ ಕಟ್ಟಿದ ಕಟ್ಟುಗಳು. ನಕಲು ಅರ್ಜಿಯಲ್ಲಿ ಪ್ರಕರಣದ ಸಂಖ್ಯೆ, ವಿಲೇವಾರಿಯಾದ ದಿನಾಂಕ, ಪಕ್ಷಗಾರರ ಹೆಸರು ಬರೆಯಬೇಕು. ಸಂಖ್ಯೆ ಇ-ಕೋರ್ಟ್ಸ್‌ನಲ್ಲಿ ಸಿಕ್ಕಿದ್ದರಿಂದ ಅರ್ಧ ಕೆಲಸ ಉಳಿಯಿತು. ಗುಮಾಸ್ತರು ಅರ್ಜಿ ಓದಿ, "ಜೂಜಿನ ಕೇಸಿನ ನಕಲು ಯಾರೂ ಕೇಳುವುದಿಲ್ಲ. ಯಾಕೆ ಬೇಕು?" ಎಂದರು. ಮಕ್ಕಳಿಗೆ ಪಾಠ ಹೇಳಲು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ ಮತ್ತೆ ಹಾಕಿಕೊಂಡರು. ಕಡತ ಇತ್ತು. ಆದರೆ ಪ್ರತಿಸಲವೂ ಏನಾದರೊಂದು ಕೊರತೆ: ರೆಕಾರ್ಡ್ ರೂಮಿನವರು ರಜೆ, ಛಾಪಾ ಕಾಗದ ಕಡಿಮೆ, ಮೊಹರು ಒಳಗೆ ಬೀಗ ಹಾಕಿದೆ. ಮೈಸೂರಿನಿಂದ ಹೋಗಿ ಬರುವವನ ಕಷ್ಟ ಹೇಳಿಕೊಂಡ ಮೇಲೆ, ಸಿದ್ಧವಾದಾಗ ಫೋನ್ ಮಾಡುತ್ತೇನೆಂದು ಅವರೇ ನಂಬರು ಬರೆದುಕೊಂಡರು. ಮಾಡಿದರು ಕೂಡ.

ಕೈಗೆ ಬಂದ ತೀರ್ಪು ಎರಡು ಪುಟಕ್ಕಿಂತ ಕಡಿಮೆ. ಆರೋಪಿಗಳು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾರೆ, ತಲಾ ₹300 ದಂಡ, ತಪ್ಪಿದಲ್ಲಿ ಸಾದಾ ಕಾರಾಗೃಹ ವಾಸ. ಜಪ್ತಿಯಾದ ಹಣ ಸರ್ಕಾರಕ್ಕೆ, ಬೆಲೆಯಿಲ್ಲದ ವಸ್ತುಗಳನ್ನು ನಾಶಪಡಿಸತಕ್ಕದ್ದು. ಎಲೆಗಳೂ ದಿನಪತ್ರಿಕೆಯೂ ಬೆಲೆಯಿಲ್ಲದ ವಸ್ತುಗಳು. ಅವುಗಳಿಗಿದ್ದ ಭಾಗ್ಯ ನಮಗಿರಲಿಲ್ಲ.

ಈ ಕಾಗದ ಎಷ್ಟು ಮುಖ್ಯ ಎಂದು ತಿಳಿದದ್ದು ಪೊಲೀಸ್ ಪರಿಶೀಲನೆಯ ಸಮಯದಲ್ಲಿ. ಅಷ್ಟರಲ್ಲಿ ನಾನು ಮತ್ತೊಂದು ಸಂಸ್ಥೆಗೆ ಅರ್ಜಿ ಹಾಕಿದ್ದೆ. ಅದು ಮಕ್ಕಳ ವಸತಿಗೃಹವೊಂದನ್ನೂ ನಡೆಸುವ ಸಂಸ್ಥೆಯಾದ್ದರಿಂದ ಕಾಗದಪತ್ರದಲ್ಲಿ ಕಟ್ಟುನಿಟ್ಟು. ಪರಿಶೀಲನೆಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ ಮೇಲೆ ನಮ್ಮ ಬಡಾವಣೆಯ ಠಾಣೆಯಿಂದ ಕರೆ ಬಂತು. ಆಧಾರ್, ಭಾವಚಿತ್ರ, ನನ್ನನ್ನು ಬಲ್ಲ ಇಬ್ಬರು ನೆರೆಯವರ ವಿವರ. ಮುಖ್ಯಪೇದೆಯವರು ನಿವೃತ್ತಿಯ ಅಂಚಿನಲ್ಲಿದ್ದ ಸೌಮ್ಯ ಮನುಷ್ಯ.

"ಕೇಸು ಇದೆ ಎಂದು ನೀವೇ ಯಾಕೆ ಬರೆದಿರಿ ಸಾರ್? ಪೆಟ್ಟಿ ಕೇಸು."

"ಬರೆಯದಿದ್ದರೆ ನಿಮಗೆ ಕಾಣುವುದಿಲ್ಲವೇ?"

"ಕಂಡರೆ ಬರೆಯಲೇಬೇಕು. ಕಾಣದೆಯೂ ಹೋಗಬಹುದು."

ಅವರ ಮೊದಲ ವರದಿಯಲ್ಲಿ ಇದ್ದದ್ದು ಒಂದು ಸಾಲು: ಸದರಿಯವರ ಮೇಲೆ ಇಂತಹ ಠಾಣೆಯಲ್ಲಿ ಇಂತಹ ಸಂಖ್ಯೆಯ ಪ್ರಕರಣ ದಾಖಲಾಗಿ ಶಿಕ್ಷೆಯಾಗಿರುತ್ತದೆ. ಕಲಂ ಇಲ್ಲ, ದಂಡದ ಮೊತ್ತ ಇಲ್ಲ. ಓದಿ ನನಗೇ ನನ್ನ ಬಗ್ಗೆ ಭಯವಾಯಿತು. ಇದನ್ನು ಯಾವ ಸಂಸ್ಥೆಯವರು ಓದಿದರೂ ಕೊಲೆಯಿಂದ ಹಿಡಿದು ಎಲ್ಲವನ್ನೂ ಊಹಿಸಿಕೊಳ್ಳಬಹುದು, ಊಹಿಸಿಕೊಂಡರೆ ಅವರದು ತಪ್ಪಲ್ಲ. ದೃಢೀಕೃತ ನಕಲನ್ನು ಮುಂದಿಟ್ಟು, ಕಲಂ ಮತ್ತು ಶಿಕ್ಷೆ ಎರಡನ್ನೂ ಸೇರಿಸಿ ಎಂದು ಲಿಖಿತವಾಗಿ ಕೇಳಿಕೊಂಡೆ. ಹೊಸ ವರದಿಯಲ್ಲಿ ಕಲಂ ಬಂತು, ವರ್ಷ ಬಂತು, ದಂಡ ಬಂತು, ಬಾಕಿ ಪ್ರಕರಣಗಳಿಲ್ಲ ಎಂಬ ಮಾತೂ ಬಂತು. ಸಂಸ್ಥೆಗಳು ತಿರಸ್ಕರಿಸುವುದು ಬಹಳ ಸಲ ಅಪರಾಧವನ್ನಲ್ಲ, ಅಸ್ಪಷ್ಟತೆಯನ್ನು. ಈ ನಂಬಿಕೆ ನನಗೆ ಹುಟ್ಟಿದ್ದು ಆ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ.

ಎರಡನೇ ಸಂಸ್ಥೆಯವರು ಕರೆದು ಕೂರಿಸಿ ಕೇಳಿದರು. ನಿರ್ದೇಶಕಿ, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಒಬ್ಬ ವಕೀಲರು. ಇಷ್ಟು ಹೊತ್ತು ಈ ಪ್ರಕರಣದ ಬಗ್ಗೆ ಮ್ಯಾಜಿಸ್ಟ್ರೇಟರೂ ಮಾತನಾಡಿರಲಿಲ್ಲ.

ಮುಖ್ಯೋಪಾಧ್ಯಾಯರು ನೇರಕ್ಕೆ ಬಂದರು: "ಈಗಲೂ ಆಡುತ್ತೀರೇನು?"

"ಹಬ್ಬದಲ್ಲಿ ಮನೆಯೊಳಗೆ ಆಡುತ್ತೇವೆ ಸಾರ್. ಹುಣಸೆಬೀಜ ಇಡುತ್ತೇವೆ."

"ಸಾಲ ಇದೆಯೇ?"

"ಮನೆಯ ಸಾಲ ಇದೆ, ಬ್ಯಾಂಕಿನದು."

ವಕೀಲರು, ಸರ್ಕಾರಿ ನೌಕರಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ನೆನಪಿಸಿದರು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ, ಅದು ಹುದ್ದೆಗೆ ಅನರ್ಹಗೊಳಿಸುವಂಥದ್ದಲ್ಲದಿದ್ದರೆ ನೇಮಕ ಮಾಡುವವರು ವಿವೇಚನೆ ಬಳಸಿ ಮನ್ನಿಸಬಹುದು. ಮುಚ್ಚಿಡದವನ ವಿಷಯದಲ್ಲಿ ವಿವೇಚನೆಗೆ ಇನ್ನೂ ಹೆಚ್ಚು ಜಾಗವಿದೆ ಎಂದರು. ಆ ತೀರ್ಪು ಸ್ವಯಂಸೇವೆಗೆ ನೇರವಾಗಿ ಅನ್ವಯಿಸದು, ಆದರೆ ಯೋಚಿಸುವ ಕ್ರಮ ಅದೇ ಇರಲಿ ಎಂಬುದು ಅವರ ವಾದ.

ನಿರ್ದೇಶಕಿ ಕೇಳಿದ್ದು ಬೇರೆಯೇ. ಹುಡುಗನೊಬ್ಬ ನಿಮ್ಮನ್ನು ಮನೆಗೆ ಬಿಡಿ ಎಂದು ಕೇಳಿದರೆ ಏನು ಮಾಡುತ್ತೀರಿ? ಹುಡುಗಿಯೊಬ್ಬಳು ಅಳುತ್ತಾ, ಯಾರಿಗೂ ಹೇಳಬೇಡಿ ಸಾರ್ ಎಂದು ಮಾತು ಶುರು ಮಾಡಿದರೆ? ಮಕ್ಕಳು ವಾಟ್ಸ್ಆ್ಯಪ್ ನಂಬರು ಕೇಳಿದರೆ? ನನ್ನ ಉತ್ತರಗಳಲ್ಲಿ ಒಂದೆರಡು ಅವರಿಗೆ ಹಿಡಿಸಲಿಲ್ಲ. ಅವುಗಳಲ್ಲೊಂದು, ಅಳುವ ಮಗುವಿಗೆ ಯಾರಿಗೂ ಹೇಳುವುದಿಲ್ಲವೆಂದು ಸಮಾಧಾನ ಹೇಳುತ್ತೇನೆ ಎಂದದ್ದು. ಹಾಗೆ ಮಾತು ಕೊಡುವಂತಿಲ್ಲ ಎಂದು ವಿವರಿಸಿದರು. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಡಿ ಆರು ತಿಂಗಳವರೆಗೆ ಸೆರೆವಾಸ ಇದೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಎದುರಿನ ಗೋಡೆಯಲ್ಲಿ 1098 ಸಹಾಯವಾಣಿಯ ಅಂಕಿಗಳನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆದಿದ್ದರು.

ಆ ಸಂದರ್ಶನ ಮುಗಿಸಿ ಹೊರಬಂದಾಗ ನನಗನ್ನಿಸಿದ್ದು ಇದು. ಪೊಲೀಸ್ ಪರಿಶೀಲನೆ ಹಿಡಿಯುವುದು ಸಿಕ್ಕಿಬಿದ್ದವರನ್ನು ಮಾತ್ರ. ಮಕ್ಕಳಿಗೆ ಕೇಡು ಮಾಡುವವನ ಮೇಲೆ ಎಷ್ಟೋ ಸಲ ಒಂದು ದೂರೂ ಇರುವುದಿಲ್ಲ, ಅವನ ವರದಿ ನನ್ನದಕ್ಕಿಂತ ಚೊಕ್ಕವಾಗಿರುತ್ತದೆ. ಮೊದಲ ಸಂಸ್ಥೆ ವರದಿ ಚೊಕ್ಕವಾಗಿದ್ದರೆ ಸಾಕೆಂದು ನಂಬಿತ್ತು. ಅಲ್ಲಿ ಯಾರೂ ನನಗೆ ಮಕ್ಕಳ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ನನ್ನ ಮಗಳನ್ನು ಕಳಿಸುವುದಾದರೆ ಇವೆರಡರಲ್ಲಿ ಎಲ್ಲಿಗೆ ಎಂದು ಕೇಳಿದರೆ ನಾನು ಒಂದು ಕ್ಷಣವೂ ಯೋಚಿಸಬೇಕಿಲ್ಲ.

ಷರತ್ತುಗಳೊಂದಿಗೆ ಒಪ್ಪಿಕೊಂಡರು. ಕೋಣೆಯ ಬಾಗಿಲು ತೆರೆದಿರಬೇಕು, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಬೇಕು, ಮಕ್ಕಳ ಫೋಟೊ ತೆಗೆಯುವಂತಿಲ್ಲ, ಒಬ್ಬರಿಗೇ ಉಡುಗೊರೆ ಕೊಡುವಂತಿಲ್ಲ. ಇವೆಲ್ಲ ಎಲ್ಲ ಸ್ವಯಂಸೇವಕರಿಗೂ ಇರುವ ನಿಯಮಗಳು. ನನಗೆ ಮಾತ್ರ ಎಂದು ಸೇರಿಸಿದ್ದು ಒಂದು: ಪ್ರವಾಸದ ಚಂದಾ, ಪುಸ್ತಕದ ಹಣ, ಯಾವುದೂ ನನ್ನ ಕೈಗೆ ಬರುವಂತಿಲ್ಲ. ದಿನವಿಡೀ ಬೇರೆಯವರ ಲೆಕ್ಕ ಬರೆಯುವ ನನಗೆ ಮೊದಲು ಚುಚ್ಚಿತು. ಆಮೇಲೆ ನ್ಯಾಯವೆನ್ನಿಸಿತು. ಜೂಜಿನ ಪ್ರಕರಣಕ್ಕೆ ಏನಾದರೂ ಸಂಬಂಧವಿದ್ದರೆ ಅದು ಹಣದೊಡನೆಯೇ ಹೊರತು ಮಕ್ಕಳೊಡನೆ ಅಲ್ಲ. ಯಾವುದಕ್ಕೆ ಯಾವುದು ಸಂಬಂಧ ಎಂದು ನೋಡಿ ಷರತ್ತು ಹಾಕಿದವರು ಇವರೊಬ್ಬರೇ.

ಪೋಷಕರಿಗೆ ಹೇಳಬೇಕೇ ಎಂಬ ಚರ್ಚೆಯೂ ಆಯಿತು. ಸಮಿತಿಯ ಮೂವರಿಗೆ ಮಾತ್ರ ಗೊತ್ತಿದ್ದರೆ ಸಾಕು, ಕಡತ ಬೀಗದಲ್ಲಿರಲಿ, ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳುವುದು ಬೇಡ ಎಂದು ತೀರ್ಮಾನಿಸಿದರು. ನಮ್ಮ ಊರಿನ ಕಡೆಯ ತಂದೆಯೊಬ್ಬರು ಒಮ್ಮೆ ಕೇಳಿಯೂ ಕೇಳಿದರು. ನಿರ್ದೇಶಕಿ ಇದ್ದದ್ದನ್ನು ಹೇಳಿದರು. ಆ ವಾರ ಅವರ ಮಗ ಬರಲಿಲ್ಲ. ಮುಂದಿನ ವಾರ ಬಂದ, ತ್ರಿಕೋನಮಿತಿ ಅರ್ಥವಾಗುತ್ತಿಲ್ಲವಂತೆ.

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಸಂಭವನೀಯತೆ ಎಂಬ ಅಧ್ಯಾಯವಿದೆ. ಚೆನ್ನಾಗಿ ಕಲಸಿದ 52 ಇಸ್ಪೀಟ್ ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಜನಾಗಿರುವ ಸಂಭವನೀಯತೆ ಎಷ್ಟು ಎಂದು ಕೇಳುತ್ತಾರೆ. ಬಹಳ ಮಕ್ಕಳು ಎಲೆಯನ್ನೇ ಕಂಡಿರುವುದಿಲ್ಲ, ಕಳಾವರ್ ಯಾವುದು, ಡೈಮಂಡ್ ಯಾವುದು ತಿಳಿಯದು. ಒಂದು ಕಟ್ಟು ತರಲೇ ಎಂದು ನಿರ್ದೇಶಕಿಯವರಲ್ಲಿ ಲಿಖಿತ ಅನುಮತಿ ಕೇಳಿದೆ. ಅವರು ನಗು ತಡೆದುಕೊಂಡು ಸಹಿ ಹಾಕಿದರು, ಎಲೆಗಳನ್ನು ಸಂಸ್ಥೆಯ ಖರ್ಚಿನಲ್ಲೇ ತರಿಸಿದರು.

ಪರಿಶೀಲನೆ ಕಾಲಕಾಲಕ್ಕೆ ಹೊಸದಾಗಿ ಆಗಬೇಕು. ಈಚೆಗೆ ಮತ್ತೆ ಆಯಿತು. ಠಾಣೆಯಲ್ಲಿ ಬೇರೆಯವರು ಬಂದಿದ್ದರು, ಮೊದಲ ವರದಿ ಮತ್ತೆ ಒಂದೇ ಸಾಲಿನಲ್ಲಿ ಬಂತು, ನಾನು ಮತ್ತೆ ನಕಲು ಲಗತ್ತಿಸಿ ತಿದ್ದಿಸಿಕೊಂಡೆ. ಸಂಸ್ಥೆಯ ಅರ್ಜಿ ನಮೂನೆ ಮಾತ್ರ ಬದಲಾಗಿದೆ. ಹೌದು ಎಂದವರಿಗೆ ಈಗ ಕೆಳಗೆ ಯಾವ ಕಲಂ, ಯಾವ ವರ್ಷ, ಏನು ಶಿಕ್ಷೆ ಎಂದು ಬರೆಯಲು ಜಾಗವಿದೆ. ಕಳೆದ ತಿಂಗಳು ಕ್ರೀಡೆ ಕಲಿಸಲು ಬಂದ ಹುಡುಗನೊಬ್ಬನಿಗೆ ಕಾಲೇಜಿನ ದಿನಗಳ ರಸ್ತೆ ತಡೆಯ ಪ್ರಕರಣವಿತ್ತು, ದಂಡ ಕಟ್ಟಿದ್ದ. ಅರ್ಜಿ ಹಿಡಿದು ನನ್ನ ಬಳಿ ಬಂದು, ಅಣ್ಣಾ ಏನು ಬರೆಯಲಿ ಎಂದ. ಬರೆಯುವುದು ಆಮೇಲೆ, ಮೊದಲು ನಕಲು ಅರ್ಜಿ ಹಾಕಿ ಬಾ, ಛಾಪಾ ಕಾಗದ ಸ್ವಲ್ಪ ಹೆಚ್ಚಿಗೆಯೇ ತೆಗೆದುಕೊಂಡು ಹೋಗು ಎಂದೆ.